ನಾಣಿಯ ಸಾಕ್ಷ್ಯ: ‘ಘಟಶ್ರಾದ್ಧ’ ಚಲಚ್ಚಿತ್ರ ಮತ್ತು ಅದರ ಆಕರ್ಷಣೆ

೨೦೨೪ರ ವೆನಿಸ್ ಚಲಚ್ಚಿತ್ರೋತ್ಸವದ ಅಭಿಜಾತ ಕೃತಿಗಳ ವಿಭಾಗದಲ್ಲಿ ಒಂದು ಕನ್ನಡ ಚಿತ್ರ ಪ್ರದರ್ಶನಗೊಂಡಿತು. ಅದು ಹೊಸ ಚಿತ್ರವಲ್ಲ. ೧೯೭೭ರಲ್ಲಿ, ಎಂದರೆ ನಲವತ್ತೇಳು ವರ್ಷಗಳ ಹಿಂದೆ, ಗಿರೀಶ ಕಾಸರವಳ್ಳಿಯವರು ನಿರ್ದೇಶಿಸಿದ ‘ಘಟಶ್ರಾದ್ಧ’ವೇ ಆ ಚಿತ್ರ. ಕಪ್ಪು-ಬಿಳುಪಿನಲ್ಲಿ ತಯಾರಾದ ಈ ಕೃತಿಯಲ್ಲಿ ಪ್ರಖ್ಯಾತ ತಾರೆಯರಿಲ್ಲ, ಕುಣಿತವಿಲ್ಲ, ಕೊನೆಗೆ ಎಲ್ಲವೂ ಸರಿಹೋಯಿತೆಂಬ ಸಮಾಧಾನವೂ ಇಲ್ಲ. ಮಲೆನಾಡಿನ ಒಂದು ವೇದಪಾಠಶಾಲೆಗೆ ಓದಲು ಬಂದ ಸಣ್ಣ ಹುಡುಗನೊಬ್ಬ ಅಲ್ಲಿ ಏನನ್ನು ಕಂಡ, ಕಂಡು ಏನಾದ ಎಂಬುದಷ್ಟೇ ಅದರ ವಸ್ತು. ಇಷ್ಟು ಕಿರಿದಾದ ವಸ್ತು ಇಷ್ಟು ದೀರ್ಘಕಾಲ ಪ್ರೇಕ್ಷಕರ ಮನಸ್ಸನ್ನು ಹಿಡಿದಿಟ್ಟಿರುವುದು ವಿಚಾರಾರ್ಹವಾದ ಸಂಗತಿ.

ಈ ಆಕರ್ಷಣೆಗೆ ಸಾಮಾನ್ಯವಾಗಿ ಎರಡು ಕಾರಣಗಳನ್ನು ಹೇಳುವುದುಂಟು. ಬಾಲವಿಧವೆಯ ದುಃಖವನ್ನು ಚಿತ್ರವು ಕರುಣಾಜನಕವಾಗಿ ತೋರಿಸುತ್ತದೆಂಬುದು ಒಂದು; ಮಗುವಿನ ಮುಗ್ಧತೆ ಎಲ್ಲರಿಗೂ ಪ್ರಿಯವಾದುದೆಂಬುದು ಇನ್ನೊಂದು. ಎರಡೂ ಸುಳ್ಳಲ್ಲ, ಆದರೆ ಎರಡೂ ಸಾಲವು. ವಿಧವೆಯ ದುಃಖವನ್ನು ಕನ್ನಡ ಸಾಹಿತ್ಯವು ಹತ್ತೊಂಬತ್ತನೆಯ ಶತಮಾನದ ಕೊನೆಯಿಂದಲೂ ಬಣ್ಣಿಸುತ್ತ ಬಂದಿದೆ. ಮುಗ್ಧ ಬಾಲಕರು ವ್ಯಾಪಾರೀ ಚಿತ್ರಗಳಲ್ಲಿಯೂ ಹೇರಳವಾಗಿದ್ದಾರೆ. ‘ಘಟಶ್ರಾದ್ಧ’ದ ವಿಶೇಷವು ಬೇರೆಡೆಯಲ್ಲಿದೆ. ತಡೆಯಲಾರದೆ, ತಿದ್ದಲಾರದೆ, ಮರೆಯಲೂ ಆಗದೆ ನೋಡುವ ಸ್ಥಿತಿಯನ್ನೇ ಈ ಚಿತ್ರವು ಬಾಲ್ಯದ ಕೊನೆಯೆಂದು ಗುರುತಿಸುತ್ತದೆ. ಪ್ರೇಕ್ಷಕನನ್ನೂ ಅದೇ ಸ್ಥಿತಿಯಲ್ಲಿ ನಿಲ್ಲಿಸುತ್ತದೆ. ಈ ಮಾತನ್ನು ಚಿತ್ರದ ಹಿನ್ನೆಲೆ, ನಿರ್ಮಾಣ ಮತ್ತು ಕಥಾವಸ್ತುಗಳ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

೧

ಬೆಳೆಯುವ ಹುಡುಗನ ಕಣ್ಣಿನಿಂದ ಹಿರಿಯರ ಜಗತ್ತನ್ನು ನೋಡುವ ಕ್ರಮವು ಎರಡನೆಯ ಮಹಾಯುದ್ಧದ ತರುವಾಯ ಇಟಲಿಯ ವಾಸ್ತವವಾದಿ ಚಿತ್ರಗಳಲ್ಲಿ ಹೊಸ ಶಕ್ತಿಯನ್ನು ಪಡೆಯಿತು. ವಿತ್ತೋರಿಯೋ ದೆ ಸೀಕಾ ಅವರ ‘ಬೈಸಿಕಲ್ ಕಳ್ಳರು’ (೧೯೪೮) ಇದಕ್ಕೆ ಸುಪ್ರಸಿದ್ಧ ನಿದರ್ಶನ. ಕಳೆದುಹೋದ ಸೈಕಲ್ಲನ್ನು ಹುಡುಕಿ ಸೋತ ತಂದೆ ಕೊನೆಗೆ ತಾನೇ ಇನ್ನೊಬ್ಬರ ಸೈಕಲ್ಲನ್ನು ಕದಿಯಲು ಹೋಗಿ ಸಿಕ್ಕಿಬೀಳುತ್ತಾನೆ. ಮಗ ಬ್ರೂನೋ ಅದನ್ನು ನೋಡುತ್ತಾನೆ, ಅವಮಾನಿತನಾದ ತಂದೆಯ ಕೈ ಹಿಡಿದುಕೊಳ್ಳುತ್ತಾನೆ. ೧೯೫೨ರ ಆರಂಭದಲ್ಲಿ ಮುಂಬಯಿಯಲ್ಲಿ ಪ್ರಾರಂಭವಾದ ಭಾರತದ ಮೊದಲ ಅಂತರರಾಷ್ಟ್ರೀಯ ಚಲಚ್ಚಿತ್ರೋತ್ಸವದಲ್ಲಿ ಈ ಚಿತ್ರ ಪ್ರದರ್ಶಿತವಾಗಿ ನಮ್ಮ ದೇಶದ ಕಲಾವಿದರ ಮೇಲೆ ಗಾಢವಾದ ಪ್ರಭಾವ ಬೀರಿತು. ಸತ್ಯಜಿತ ರಾಯರು ಅದಕ್ಕೆ ಮೊದಲೇ, ೧೯೫೦ರಲ್ಲಿ, ಲಂಡನ್ನಿನಲ್ಲಿ ಅದನ್ನು ನೋಡಿದ್ದರು.

ರಾಯರ ‘ಪಥೇರ್ ಪಾಂಚಾಲಿ’ (೧೯೫೫) ಪಶ್ಚಿಮ ಬಂಗಾಳ ಸರ್ಕಾರದ ಧನಸಹಾಯದಿಂದ ಪೂರ್ಣಗೊಂಡ ಚಿತ್ರ. ಅದರ ಕೊನೆಯ ಭಾಗದಲ್ಲಿ ಅಪು ಒಂದು ಸಣ್ಣ ಕೆಲಸ ಮಾಡುತ್ತಾನೆ. ಅಕ್ಕ ದುರ್ಗಾ ತೀರಿಕೊಂಡಿದ್ದಾಳೆ. ಕುಟುಂಬ ಊರು ಬಿಟ್ಟು ಕಾಶಿಗೆ ಹೊರಡಲು ಗಂಟುಮೂಟೆ ಕಟ್ಟುತ್ತಿದೆ. ದುರ್ಗಾ ಕದ್ದಿಲ್ಲವೆಂದು ಸಾಧಿಸಿದ್ದ ಸರವು ಆಗ ಅಪುವಿನ ಕೈಗೆ ಸಿಗುತ್ತದೆ. ಅವನು ಅದನ್ನು ಯಾರಿಗೂ ತೋರಿಸದೆ ಕೊಳಕ್ಕೆಸೆಯುತ್ತಾನೆ. ನೀರಿನ ಮೇಲಣ ಪಾಚಿ ಸರಿದು ಮತ್ತೆ ಮುಚ್ಚಿಕೊಳ್ಳುತ್ತದೆ. ಸತ್ತವಳ ಮಾನವನ್ನು ಕಾಯುವ ಈ ಮೌನವೇ ಅಪು ದೊಡ್ಡವನಾದುದರ ಗುರುತು. ನಾಲ್ಕು ವರ್ಷಗಳ ತರುವಾಯ ಫ್ರಾನ್ಸಿನ ತ್ರೂಫೋ ಅವರ ‘ನಾನೂರು ಏಟುಗಳು’ (೧೯೫೯) ಬಂದಿತು. ಅದರ ಬಾಲಕ ಆಂತ್ವಾನ್ ಸುಧಾರಣಾಗೃಹದಿಂದ ತಪ್ಪಿಸಿಕೊಂಡು ಸಮುದ್ರದವರೆಗೆ ಓಡುತ್ತಾನೆ. ಮುಂದೆ ಓಡಲು ನೆಲವಿಲ್ಲ; ಅವನು ತಿರುಗಿ ಪ್ರೇಕ್ಷಕರತ್ತ ನೋಡುವಲ್ಲಿ ಚಿತ್ರ ನಿಂತುಹೋಗುತ್ತದೆ.

ಈ ಮೂವರು ಬಾಲಕರಿಗೂ ಏನಾದರೊಂದು ಮಾಡಲು ಅವಕಾಶವಿತ್ತೆಂಬುದನ್ನು ಗಮನಿಸಬೇಕು. ಬ್ರೂನೋ ಕೈ ಹಿಡಿದ, ಅಪು ಸರವನ್ನೆಸೆದ, ಆಂತ್ವಾನ್ ಓಡಿದ. ನಾಣಿಗೆ ಇವುಗಳಲ್ಲಿ ಒಂದೂ ಇಲ್ಲ. ಈ ಭೇದಕ್ಕೆ ಮುಂದೆ ಮರಳಬೇಕಾಗುತ್ತದೆ.

೨

ಕನ್ನಡದಲ್ಲಿ ಇಂಥ ಚಿತ್ರ ಹುಟ್ಟುವುದಕ್ಕೆ ಬೇಕಾದ ಸಂಸ್ಥೆಗಳು ೧೯೬೦ರ ದಶಕದಲ್ಲಿ ರೂಪುಗೊಂಡವು. ೧೯೬೦ರಲ್ಲಿ ಪುಣೆಯ ಹಳೆಯ ಪ್ರಭಾತ್ ಸ್ಟುಡಿಯೋದ ಆವರಣದಲ್ಲಿ ಫಿಲ್ಮ್ ಇನ್‌ಸ್ಟಿಟ್ಯೂಟ್ ಸ್ಥಾಪಿತವಾಯಿತು. ಒಳ್ಳೆಯ ಚಿತ್ರಗಳಿಗೆ ಸಾಲ ನೀಡುವ ಫಿಲ್ಮ್ ಫೈನಾನ್ಸ್ ಕಾರ್ಪೊರೇಶನ್ ಆರಂಭವಾದುದೂ ಅದೇ ವರ್ಷ. ೧೯೬೪ರಲ್ಲಿ ಪುಣೆಯಲ್ಲಿಯೇ ರಾಷ್ಟ್ರೀಯ ಚಲಚ್ಚಿತ್ರ ಸಂಗ್ರಹಾಲಯ ತೆರೆಯಿತು. ಹೀಗೆ ಕಲಿಯುವ, ಹಣ ಹೂಡುವ, ಕಾಪಾಡುವ ಮೂರು ವ್ಯವಸ್ಥೆಗಳು ನಾಲ್ಕು ವರ್ಷಗಳ ಅವಧಿಯಲ್ಲಿ ದೊರೆತವು. ಅವುಗಳಲ್ಲಿ ಮೊದಲನೆಯದು ಮತ್ತು ಮೂರನೆಯದು ‘ಘಟಶ್ರಾದ್ಧ’ದ ಚರಿತ್ರೆಯಲ್ಲಿ ನೇರವಾಗಿ ಬರುತ್ತವೆ.

ಕನ್ನಡದ ಹೊಸ ಅಲೆಯ ಚಿತ್ರಗಳಿಗೆ ನಾಂದಿಯಾದುದು ಪಟ್ಟಾಭಿರಾಮ ರೆಡ್ಡಿಯವರ ‘ಸಂಸ್ಕಾರ’ (೧೯೭೦). ಯು. ಆರ್. ಅನಂತಮೂರ್ತಿಯವರ ಕಾದಂಬರಿಯನ್ನಾಧರಿಸಿದ ಆ ಚಿತ್ರಕ್ಕೆ ಮೊದಲು ಸೆನ್ಸಾರಿನ ನಿಷೇಧವೂ ಅನಂತರ ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿಯೂ ದೊರೆತವು. ಅದರ ಬೆನ್ನಲ್ಲಿ ‘ವಂಶವೃಕ್ಷ’ (೧೯೭೧), ‘ಕಾಡು’ (೧೯೭೩), ‘ಚೋಮನ ದುಡಿ’ (೧೯೭೫) ಬಂದವು. ಇವೆಲ್ಲವೂ ಕನ್ನಡ ಕಾದಂಬರಿಗಳ ಆಧಾರದ ಮೇಲೆ ನಿಂತ ಚಿತ್ರಗಳೆಂಬುದು ಸ್ಮರಣೀಯ. ನವ್ಯರಿಗೂ ಅವರ ಹಿರಿಯರಿಗೂ ಗದ್ಯದಲ್ಲಿ ಸಾಧ್ಯವಾಗಿದ್ದ ನಿಷ್ಠುರವಾದ ನೋಟವನ್ನು ಚಿತ್ರರಂಗವು ಸಾಹಿತ್ಯದಿಂದಲೇ ಪಡೆದುಕೊಂಡಿತು.

ಈ ಸಾಲಿನಲ್ಲಿ ಗಿರೀಶ ಕಾರ್ನಾಡರ ‘ಕಾಡು’ ಪ್ರಸ್ತುತ ವಿಷಯಕ್ಕೆ ಅತಿ ಸಮೀಪವಾದುದು. ಶ್ರೀಕೃಷ್ಣ ಆಲನಹಳ್ಳಿಯವರ ಕಾದಂಬರಿಯಲ್ಲಿದ್ದಂತೆ ಇಲ್ಲಿಯೂ ಕಿಟ್ಟಿಯೆಂಬ ಬಾಲಕ ಬಂಧುಗಳ ಮನೆಗೆ ಬಂದು, ಚಂದ್ರೇಗೌಡ-ಕಮಲಿಯರ ದಾಂಪತ್ಯದ ಬಿರುಕನ್ನೂ ಎರಡು ಹಳ್ಳಿಗಳ ವೈರವನ್ನೂ ನೋಡುತ್ತಾನೆ. ಕಿಟ್ಟಿಯ ಪಾತ್ರ ವಹಿಸಿದ ಜಿ. ಎಸ್. ನಟರಾಜನಿಗೆ ಶ್ರೇಷ್ಠ ಬಾಲನಟನೆಂಬ ರಾಷ್ಟ್ರಪ್ರಶಸ್ತಿ ಬಂದಿತು. ನಾಲ್ಕು ವರ್ಷಗಳ ಅನಂತರ ಅದೇ ಪ್ರಶಸ್ತಿ ನಾಣಿಯ ಪಾತ್ರಧಾರಿ ಅಜಿತಕುಮಾರನಿಗೆ ದೊರೆಯಿತು. ಅಲ್ಪಾವಧಿಯಲ್ಲಿ ಕನ್ನಡವು ಇಂಥ ಇಬ್ಬರು ಬಾಲಸಾಕ್ಷಿಗಳನ್ನು ನೀಡಿದುದು ಕೇವಲ ಆಕಸ್ಮಿಕವೆನ್ನಲಾಗದು. ತನ್ನ ಬಾಲ್ಯದ ಹಳ್ಳಿಯನ್ನು ದೂರದಿಂದ ತಿರುಗಿ ನೋಡುತ್ತಿದ್ದ, ಪ್ರೀತಿ ಮತ್ತು ವಿಮರ್ಶೆ ಎರಡನ್ನೂ ಬಿಡಲಾರದ ಒಂದು ವಿದ್ಯಾವಂತ ತಲೆಮಾರಿನ ಅಂತರಂಗವು ಈ ಬಾಲಕರಲ್ಲಿ ಆಕಾರ ಪಡೆಯಿತು.

೩

‘ಘಟಶ್ರಾದ್ಧ’ದ ಕರ್ತೃಗಳ ವೃತ್ತಾಂತವೂ ಈ ಮಾತನ್ನು ಸಮರ್ಥಿಸುತ್ತದೆ. ಮೂಲಕಥೆಯ ಲೇಖಕರಾದ ಅನಂತಮೂರ್ತಿಯವರು ೧೯೩೨ರಲ್ಲಿ ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯಲ್ಲಿ ಹುಟ್ಟಿ, ದೂರ್ವಾಸಪುರದ ಸಂಸ್ಕೃತ ಪಾಠಶಾಲೆಯಲ್ಲಿ ಕಲಿತವರು. ಕಾಸರವಳ್ಳಿಯವರು ಅದೇ ತಾಲ್ಲೂಕಿನವರು, ೧೯೫೦ರಲ್ಲಿ ಹುಟ್ಟಿದವರು. ಹೆಗ್ಗೋಡಿನ ನೀನಾಸಮ್ ಸಂಸ್ಥೆಯ ಕೆ. ವಿ. ಸುಬ್ಬಣ್ಣನವರು ಇವರ ಸೋದರಮಾವ. ಮಣಿಪಾಲದಲ್ಲಿ ಔಷಧಶಾಸ್ತ್ರದ ಪದವಿ ಪಡೆದ ಕಾಸರವಳ್ಳಿಯವರು ಆ ವೃತ್ತಿಯನ್ನು ಬಿಟ್ಟು ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿಗೆ ಸೇರಿ ೧೯೭೫ರಲ್ಲಿ ತೇರ್ಗಡೆಯಾದರು. ‘ಚೋಮನ ದುಡಿ’ಯಲ್ಲಿ ಬಿ. ವಿ. ಕಾರಂತರಿಗೆ ಸಹಾಯಕರಾಗಿ ದುಡಿದರು. ‘ಘಟಶ್ರಾದ್ಧ’ವು ಅವರು ನಿರ್ದೇಶಿಸಿದ ಮೊದಲ ಕಥಾಚಿತ್ರ, ಆಗ ಅವರಿಗೆ ಮೂವತ್ತು ತುಂಬಿರಲಿಲ್ಲ. ಎಸ್. ರಾಮಚಂದ್ರ ಅವರ ಛಾಯಾಗ್ರಹಣ, ಕಾರಂತರ ಸಂಗೀತ ಅವರಿಗೆ ಒದಗಿದವು. ೧೯೭೭ರ ಅತ್ಯುತ್ತಮ ಚಿತ್ರದ ಸ್ವರ್ಣಕಮಲವಲ್ಲದೆ ಸಂಗೀತಕ್ಕೂ ಆ ವರ್ಷದ ರಾಷ್ಟ್ರಪ್ರಶಸ್ತಿ ಬಂದಿತು.

ಹೊರನಾಡ ಕನ್ನಡಿಗರು ಮುಖ್ಯವಾಗಿ ನೆನೆಯಬೇಕಾದ ಹೆಸರು ನಿರ್ಮಾಪಕರಾದ ಸದಾನಂದ ಸುವರ್ಣ ಅವರದು. ಮುಲ್ಕಿಯಲ್ಲಿ ಹುಟ್ಟಿ ಎಳೆಯ ವಯಸ್ಸಿನಲ್ಲಿಯೇ ಮುಂಬಯಿ ಸೇರಿದ ಸುವರ್ಣರು ಅಲ್ಲಿನ ಕನ್ನಡ ರಂಗಭೂಮಿಯಲ್ಲಿ ನಟರಾಗಿ, ನಿರ್ದೇಶಕರಾಗಿ, ಸಂಘಟಕರಾಗಿ ಬೆಳೆದವರು. ಮುಂದೆ ಅವರು ಪೂರ್ಣಚಂದ್ರ ತೇಜಸ್ವಿಯವರ ಕಥೆಯನ್ನಾಧರಿಸಿದ ‘ಕುಬಿ ಮತ್ತು ಇಯಾಲ’ ಚಿತ್ರವನ್ನೂ ‘ಗುಡ್ಡದ ಭೂತ’ ಎಂಬ ದೂರದರ್ಶನ ಧಾರಾವಾಹಿಯನ್ನೂ ನಿರ್ದೇಶಿಸಿದರು. ತಾರೆಯರಿಲ್ಲದ, ಹೊಸ ನಿರ್ದೇಶಕನ, ಬಾಲವಿಧವೆಯ ಗರ್ಭವನ್ನು ವಸ್ತುವಾಗುಳ್ಳ ಚಿತ್ರಕ್ಕೆ ಹಣ ತೊಡಗಿಸುವುದು ಯಾವ ಲೆಕ್ಕದಿಂದಲೂ ಲಾಭದ ವ್ಯವಹಾರವಲ್ಲ. ಸ್ವತಂತ್ರ ಚಿತ್ರವೆಂಬ ಮಾತಿನ ನಿಜವಾದ ಅರ್ಥ ಇಲ್ಲಿ ಗೋಚರಿಸುತ್ತದೆ. ಹಂಚಿಕೆದಾರನ ಅಭಿರುಚಿಗೆ ಬದ್ಧವಾದ ಬಂಡವಾಳವು ಕಥೆಯ ಕೊನೆಯನ್ನು ಬದಲಾಯಿಸುವಂತೆ ಕೇಳುತ್ತದೆ, ಒಂದು ಹಾಡನ್ನಾದರೂ ಸೇರಿಸೆಂದು ಕೇಳುತ್ತದೆ. ರಂಗಭೂಮಿಯ ಪ್ರೀತಿಯಿಂದ ಬಂದ ಬಂಡವಾಳ ಅದನ್ನು ಕೇಳಲಿಲ್ಲ. ಯಮುನಕ್ಕನಿಗೆ ಸುಳ್ಳು ಸುಖವನ್ನು ಕಲ್ಪಿಸದೆ ಇರುವ ಸ್ವಾತಂತ್ರ್ಯವು ಮಲೆನಾಡಿನ ಚಿತ್ರವೊಂದಕ್ಕೆ ಮುಂಬಯಿಯ ಕನ್ನಡಿಗರೊಬ್ಬರಿಂದ ಲಭಿಸಿತು.

೪

ಕಥೆ ಸರಳವಾದುದು. ಇಪ್ಪತ್ತನೆಯ ಶತಮಾನದ ಪೂರ್ವಭಾಗದ ಮಲೆನಾಡು. ನಾಣಿಯನ್ನು ಅವನ ತಂದೆ ಉಡುಪರ ಪಾಠಶಾಲೆಗೆ ತಂದು ಬಿಡುತ್ತಾನೆ. ತಾಯಿಯ ನೆನಪಿನಿಂದ ಕುಗ್ಗಿದ ಹುಡುಗನಿಗೆ ಅಲ್ಲಿ ಎರಡು ಬಗೆಯ ಶಿಕ್ಷಣ ಸಿಗುತ್ತದೆ. ಒಂದು ಬಾಯಿಪಾಠದ್ದು, ಅದರ ಜೊತೆಗೆ ಶಾಸ್ತ್ರಿಯೇ ಮೊದಲಾದ ಹಿರಿಯ ವಿದ್ಯಾರ್ಥಿಗಳ ಕಾಟ. ಇನ್ನೊಂದು ಉಡುಪರ ಮಗಳು, ಎಳೆಯ ವಿಧವೆ ಯಮುನಕ್ಕನ ಅಕ್ಕರೆ. ಅವಳು ಶಾಲೆಯ ಮಾಸ್ತರನಿಂದ ಗರ್ಭಿಣಿಯಾಗಿದ್ದಾಳೆ. ಉಡುಪರು ಊರಿನಲ್ಲಿಲ್ಲದ ವೇಳೆಯಲ್ಲಿ ಈ ಸಂಗತಿ ಹಿರಿಯ ಹುಡುಗರಿಗೂ ಅಗ್ರಹಾರಕ್ಕೂ ಗೊತ್ತಾಗುತ್ತದೆ. ಯಮುನಕ್ಕ ಹಾವಿನ ಹುತ್ತಕ್ಕೆ ಕೈಯಿಟ್ಟು ಸಾಯಲೆಳಸುತ್ತಾಳೆ, ಸಾವು ಬರುವುದಿಲ್ಲ. ಗರ್ಭಪಾತ ನಡೆಯುತ್ತದೆ. ಹಿಂದಿರುಗಿದ ಉಡುಪರು ಬದುಕಿರುವ ಮಗಳಿಗೆ ಘಟಶ್ರಾದ್ಧ ಮಾಡುತ್ತಾರೆ. ಅವರಿಗೇ ಹದಿಹರೆಯದ ಹುಡುಗಿಯೊಬ್ಬಳೊಡನೆ ಮದುವೆಯ ಏರ್ಪಾಡಾಗುತ್ತದೆ. ಪಾಠಶಾಲೆ ಮುಗಿಯಿತು. ತಂದೆಯೊಡನೆ ಊರು ಬಿಡುವ ನಾಣಿಗೆ ತಲೆ ಬೋಳಿಸಿಕೊಂಡು ಮರದ ಕೆಳಗೆ ಒಂಟಿಯಾಗಿ ಕುಳಿತ ಯಮುನಕ್ಕ ಕಾಣಿಸುತ್ತಾಳೆ.

ಈ ಕಥೆಯನ್ನು ಯಮುನಕ್ಕನ ಕಡೆಯಿಂದ ಹೇಳಿದ್ದರೆ ಅದು ಸಮಾಜಸುಧಾರಣೆಯ ಕಥೆಯಾಗುತ್ತಿತ್ತು. ಅಂಥ ಕಥೆಗಳ ಪರಂಪರೆ ಕನ್ನಡದಲ್ಲಿ ಹಳೆಯದು. ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ (೧೮೯೯) ಕಾದಂಬರಿಯಲ್ಲಿ ಎಳೆಯ ವಿಧವೆ ವಿದ್ಯೆ ಕಲಿತು ಮರುಮದುವೆಯಾಗುತ್ತಾಳೆ. ವಿಧವಾವಿವಾಹಕ್ಕೆ ಬ್ರಿಟಿಷ್ ಇಂಡಿಯಾದಲ್ಲಿ ೧೮೫೬ರಲ್ಲಿಯೇ ಕಾನೂನಿನ ಮಾನ್ಯತೆ ದೊರೆತಿತ್ತು. ಸಮಾಜವು ಏನು ಮಾಡಬೇಕು ಎಂಬುದು ಆ ಪರಂಪರೆಯ ಪ್ರಶ್ನೆ; ಅದಕ್ಕೆ ಉತ್ತರವೂ ಅಲ್ಲಿಯೇ ಸಿದ್ಧವಾಗಿರುತ್ತಿತ್ತು. ಓದುಗನು ಸುಧಾರಕನ ಪಕ್ಕದಲ್ಲಿ ನಿಂತು ಸಮಾಧಾನ ಹೊಂದಬಹುದಾಗಿತ್ತು.

ನಾಣಿಯ ಕಣ್ಣಿನಿಂದ ನೋಡಿದೊಡನೆ ಪ್ರಶ್ನೆಯೇ ಬದಲಾಗುತ್ತದೆ. ಹುಡುಗನಿಗೆ ಸಿದ್ಧಾಂತವಿಲ್ಲ. ಅವನಿಗೆ ವಿಧವಾವಿವಾಹದ ವಾದವೂ ಗೊತ್ತಿಲ್ಲ, ಶಾಸ್ತ್ರದ ವಾದವೂ ಗೊತ್ತಿಲ್ಲ. ತನ್ನನ್ನು ಪ್ರೀತಿಯಿಂದ ಕಂಡವಳು ಒಬ್ಬಳೇ, ಅವಳನ್ನು ಎಲ್ಲರೂ ಸೇರಿ ಹೊರಗೆ ಹಾಕುತ್ತಿದ್ದಾರೆ ಎಂಬುದಷ್ಟೇ ಅವನಿಗೆ ತಿಳಿದಿರುವುದು. ಅವಳ ಗುಟ್ಟು ಅವನಿಗೆ ಅರ್ಧ ಅರ್ಥವಾಗುತ್ತದೆ, ಅರ್ಧ ಆಗುವುದಿಲ್ಲ; ಆದರೂ ಅದರ ಭಾರವೆಲ್ಲ ಅವನ ಮೇಲೆ ಬೀಳುತ್ತದೆ. ವಾಸ್ತವಿಕತೆಯ ಅವಶ್ಯಕತೆ ಇಲ್ಲಿಯೇ ಉಂಟಾಗುವುದು. ಜಗುಲಿ, ಅಡಿಗೆಮನೆಯ ಕತ್ತಲು, ಕಾಡಿನ ದಾರಿ ಇವು ಅಲಂಕಾರಕ್ಕಾಗಿ ಬಂದವಲ್ಲ. ವಾದವನ್ನರಿಯದ ಹುಡುಗನಿಗೆ ಜಗತ್ತು ಕಾಣಿಸುವುದು ವಸ್ತುಗಳ ರೂಪದಲ್ಲಿಯೇ. ಅವನು ಕಂಡಷ್ಟನ್ನೇ ಕಾಣುವ ಪ್ರೇಕ್ಷಕನಿಗೂ ತೀರ್ಪು ಕೊಡುವ ಎತ್ತರದ ಸ್ಥಾನ ದೊರೆಯದು. ಅಪುವಿನಂತೆ ನಾಣಿ ಗುಟ್ಟನ್ನು ಕೊಳಕ್ಕೆಸೆಯಲಾರ. ಆಂತ್ವಾನನಂತೆ ತಾನಾಗಿ ಓಡಲಾರ. ಬ್ರೂನೋನಂತೆ, ಹೊರಗೆ ಹಾಕಲ್ಪಟ್ಟವಳ ಕೈಯನ್ನು ಹಿಡಿದುಕೊಳ್ಳಲೂ ಕೊನೆಗೆ ಅವನಿಗೆ ಅವಕಾಶವಿಲ್ಲ.

೫

ಚಿತ್ರದ ಹೆಸರಿನಲ್ಲಿರುವ ವಿಧಿಯ ವಿಷಯವಾಗಿ ಒಂದೆರಡು ಮಾತು ಅವಶ್ಯಕ. ಪತಿತನಾದವನನ್ನು ಬದುಕಿರುವಾಗಲೇ ಸತ್ತವನೆಂದು ಎಣಿಸಿ ಕುಲದಿಂದ ಹೊರಗೆ ಹಾಕುವ ಕ್ರಮ ಧರ್ಮಶಾಸ್ತ್ರಗಳಲ್ಲಿ ಉಕ್ತವಾಗಿದೆ. ಮನುಸ್ಮೃತಿಯ ಹನ್ನೊಂದನೆಯ ಅಧ್ಯಾಯದ ಪ್ರಕಾರ ಊರ ಹೊರಗೆ, ನಿಂದ್ಯವಾದ ದಿನದ ಸಂಜೆ, ಜ್ಞಾತಿಗಳ, ಋತ್ವಿಜರ, ಗುರುಗಳ ಎದುರಿನಲ್ಲಿ ಅವನಿಗೆ ಪ್ರೇತನಿಗೆಂಬಂತೆ ಜಲತರ್ಪಣ ಕೊಡಬೇಕು; ದಾಸಿಯೊಬ್ಬಳು ನೀರು ತುಂಬಿದ ಘಟವನ್ನು ಕಾಲಿನಿಂದ ಉರುಳಿಸಬೇಕು; ಅಂದಿನಿಂದ ಅವನೊಡನೆ ಮಾತು, ಸಹಾಸನ, ದಾಯಭಾಗ ಎಲ್ಲವೂ ನಿಲ್ಲಬೇಕು. ದಾಯಭಾಗದ ವಿಷಯದಲ್ಲಿ ಮಾತ್ರ ೧೮೫೦ರ ಇಪ್ಪತ್ತೊಂದನೆಯ ಶಾಸನವು ಜಾತಿಬಹಿಷ್ಕಾರದಿಂದ ಆಸ್ತಿಯ ಹಕ್ಕು ನಷ್ಟವಾಗದಂತೆ ಬ್ರಿಟಿಷ್ ಇಂಡಿಯಾದಲ್ಲಿ ತಡೆಯೊಡ್ಡಿತು.

ಆದರೆ ಅದೇ ಅಧ್ಯಾಯದಲ್ಲಿ ಮುಂದೆ ಎರಡು ಮಾತುಗಳಿವೆ. ಪ್ರಾಯಶ್ಚಿತ್ತ ಮಾಡಿಕೊಂಡವನೊಡನೆ ಜ್ಞಾತಿಗಳು ಪುಣ್ಯಜಲದಲ್ಲಿ ಮಿಂದು ಹೊಸ ಘಟವನ್ನು ನೀರಿಗೆ ಬಿಡಬೇಕೆಂಬುದು ಮೊದಲನೆಯದು. ಎಂದರೆ ಹಿಂದಿರುಗುವ ದಾರಿ ಶಾಸ್ತ್ರದಲ್ಲಿಯೇ ಇತ್ತು. ಪತಿತಳಾದ ಸ್ತ್ರೀಗೂ ಇದೇ ವಿಧಿಯಾದರೂ ಅವಳಿಗೆ ಅನ್ನ, ಪಾನ, ವಸ್ತ್ರಗಳನ್ನು ಕೊಡಬೇಕು, ಅವಳು ಮನೆಯ ಬಳಿಯಲ್ಲಿಯೇ ವಾಸಿಸಬೇಕು ಎಂಬುದು ಎರಡನೆಯದು. ಇದನ್ನು ನೆನೆದು ಚಿತ್ರದ ಕೊನೆಯ ದೃಶ್ಯವನ್ನು ನೋಡಬೇಕು. ಮರದ ಕೆಳಗೆ ಕುಳಿತ ಯಮುನಕ್ಕನಿಗೆ ಮನೆಯ ಬಳಿಯೂ ಇಲ್ಲ, ಅನ್ನವೂ ಇಲ್ಲ. ಶಾಸ್ತ್ರವನ್ನು ಕಾಪಾಡುವೆನೆಂದ ಅಗ್ರಹಾರವು ಶಾಸ್ತ್ರದ ಕಠೋರವಾದ ಅರ್ಧವನ್ನು ನೆರವೇರಿಸಿ ಇನ್ನರ್ಧವನ್ನು ಬಿಟ್ಟಿತು. ವೇದ ಕಲಿಯಲು ಬಂದ ನಾಣಿ ಕಲಿತುಕೊಂಡು ಹೋಗುವ ಪಾಠ ಇದೇ. ಚಿತ್ರವು ಇದನ್ನು ಎಲ್ಲಿಯೂ ಬಾಯಿಬಿಟ್ಟು ಹೇಳುವುದಿಲ್ಲ. ಅದರ ಬಲವಿರುವುದು ಆ ಸಂಯಮದಲ್ಲಿ.

೬

ಇಂಥ ಚಿತ್ರಗಳ ವಿಷಯದಲ್ಲಿ ಒಂದು ಆಕ್ಷೇಪವನ್ನು ಪುನಃ ಪುನಃ ಕೇಳಬಹುದು: ಇವು ಪ್ರಶಸ್ತಿಗಾಗಿ ಮಾಡಿದ ಮಂದಗತಿಯ ಚಿತ್ರಗಳು, ಒಂದು ಸಮುದಾಯದ ಕೊಳೆಯನ್ನು ಹೊರಗಿನವರೆದುರು ತೊಳೆಯುವಂಥವು. ಈ ಆಕ್ಷೇಪವನ್ನು ಸುಲಭವಾಗಿ ತಳ್ಳಿಹಾಕಲಾಗದು, ಏಕೆಂದರೆ ಅನುಕರಣೆಯ ಚಿತ್ರಗಳಲ್ಲಿ ಅದು ನಿಜವಾದದ್ದುಂಟು. ಅಲ್ಲಿ ದುಃಖವು ಪ್ರದರ್ಶನದ ಸರಕಾಗುತ್ತದೆ, ಮಗು ಕಣ್ಣೀರಿನ ಸಾಧನವಾಗುತ್ತದೆ. ‘ಘಟಶ್ರಾದ್ಧ’ದಲ್ಲಿ ಹಾಗಾಗದಿರಲು ಕಾರಣವಿದೆ. ಉಡುಪರು ಕ್ರೂರಿಯೆಂದು ಚಿತ್ರಿತರಾಗಿಲ್ಲ. ತಾವು ನಂಬಿದ್ದನ್ನು ಮಾಡಿ ಮಗಳನ್ನು ಕಳೆದುಕೊಂಡ ಮನುಷ್ಯ ಅವರು. ನಾಣಿಯನ್ನು ಕಾಡುವ ಹುಡುಗರೂ ಅದೇ ವ್ಯವಸ್ಥೆಯ ಬೆಳೆ. ನಾಣಿಯೂ ನಿರ್ದೋಷಿಯಾಗಿ ಉಳಿಯುವುದಿಲ್ಲ. ಅವನು ಹೋಗುತ್ತಾನೆ, ಅವಳು ಉಳಿಯುತ್ತಾಳೆ. ಮಗುವಾದುದರಿಂದ ಅವನನ್ನು ಯಾರೂ ದೂಷಿಸಲಾರರು. ಆದರೆ ಬಿಟ್ಟು ಹೋದೆನೆಂಬ ಅರಿವು ಅವನನ್ನು ಬಿಡುವಂತಿಲ್ಲ.

ಇದೇ ಕಥೆಯನ್ನು ೧೯೯೧ರಲ್ಲಿ ಅರುಣ್ ಕೌಲರು ‘ದೀಕ್ಷಾ’ ಎಂಬ ಹೆಸರಿನಿಂದ ಹಿಂದಿಯಲ್ಲಿ ಮತ್ತೆ ತೆಗೆದರು. ಕನ್ನಡದಲ್ಲಿಯೂ ಬಾಲಸಾಕ್ಷಿಯ ಪರಂಪರೆ ನಿಂತಿಲ್ಲ. ಪೃಥ್ವಿ ಕೊಣನೂರರ ‘ರೈಲ್ವೆ ಚಿಲ್ಡ್ರನ್’ (೨೦೧೬) ರೈಲುನಿಲ್ದಾಣಗಳಲ್ಲಿ ಬದುಕುವ, ಮನೆ ಬಿಟ್ಟ ಹುಡುಗರ ಕಥೆ. ಅದರ ಬಾಲನಟನಿಗೂ ರಾಷ್ಟ್ರಪ್ರಶಸ್ತಿ ಸಂದಿತು. ಅಗ್ರಹಾರದಿಂದ ರೈಲುನಿಲ್ದಾಣಕ್ಕೆ ಸ್ಥಳ ಬದಲಾದರೂ ಹಿರಿಯರ ಜಗತ್ತನ್ನು ತಪ್ಪಿಸಿಕೊಳ್ಳಲಾಗದೆ ನೋಡುವ ಕಣ್ಣು ಅದೇ.

ಊರು ಬಿಟ್ಟವರಿಗೆ ‘ಘಟಶ್ರಾದ್ಧ’ದ ಕೊನೆಯ ದೃಶ್ಯವು ವಿಶೇಷವಾಗಿ ತಟ್ಟುವುದು ಸಹಜ. ಮುಂಬಯಿ, ಪುಣೆ, ಮದರಾಸು, ದಿಲ್ಲಿಗಳಿಗೆ ಬಂದ ಕನ್ನಡಿಗರಲ್ಲಿ ಬಹುಮಂದಿ ಎಳೆಯ ವಯಸ್ಸಿನಲ್ಲಿ ಹಿರಿಯರ ಹಿಂದೆಯೋ ವಿದ್ಯೆ-ಉದ್ಯೋಗಗಳಿಗಾಗಿಯೋ ಊರು ಬಿಟ್ಟವರು. ದೂರದಲ್ಲಿ ಊರಿನ ನೆನಪು ಹಬ್ಬದ ಅಡಿಗೆಯಾಗಿ, ಮಳೆಯಾಗಿ, ಯಕ್ಷಗಾನದ ಚೆಂಡೆಯಾಗಿ ಸಿಹಿಯಾಗುತ್ತದೆ. ಆ ನೆನಪಿನಲ್ಲಿ ಮರದ ಕೆಳಗೆ ಕುಳಿತವರಿಗೆ ಸ್ಥಳವಿರುವುದಿಲ್ಲ. ಹೋದವರಿಗೆ ಹೋಗುವ ದಾರಿಯಿತ್ತು, ಉಳಿದವರಲ್ಲಿ ಕೆಲವರಿಗೆ ಅದಿರಲಿಲ್ಲ ಎಂಬ ಸತ್ಯವನ್ನು ಚಿತ್ರವು ಸಿಹಿನೆನಪಿನ ಎದುರಿಗಿಡುತ್ತದೆ. ಹೊರನಾಡಿನ ಕನ್ನಡಿಗರೊಬ್ಬರು ಇದಕ್ಕೆ ಬಂಡವಾಳ ಹೂಡಿದುದು ಈ ದೃಷ್ಟಿಯಿಂದಲೂ ಅರ್ಥಪೂರ್ಣವಾಗಿದೆ.

ಸಾಕ್ಷ್ಯವೂ ಕಾಪಾಡದಿದ್ದರೆ ನಾಶವಾಗುತ್ತದೆ. ಚಿತ್ರದ ಸುರುಳಿಗಳು ಕಾಗದದ ಗ್ರಂಥಕ್ಕಿಂತ ಬೇಗ ಹಾಳಾಗುವ ವಸ್ತು. ‘ಘಟಶ್ರಾದ್ಧ’ದ ಮೂಲ ನೆಗೆಟಿವ್ ಪುಣೆಯ ಸಂಗ್ರಹಾಲಯದಲ್ಲಿ ಉಳಿದಿದ್ದುದರಿಂದ ಮುಂಬಯಿಯ ಫಿಲ್ಮ್ ಹೆರಿಟೇಜ್ ಫೌಂಡೇಶನ್, ಮಾರ್ಟಿನ್ ಸ್ಕಾರ್ಸೆಸಿ ಅವರು ಸ್ಥಾಪಿಸಿದ ಫಿಲ್ಮ್ ಫೌಂಡೇಶನ್‌ನ ವಿಶ್ವಚಿತ್ರ ಯೋಜನೆ ಮತ್ತು ಇಟಲಿಯ ಬೊಲೋನ್ಯಾದ ಚಿತ್ರಸಂಗ್ರಹಾಲಯಗಳು ಸೇರಿ, ನಿರ್ದೇಶಕರ ಸಹಕಾರದಿಂದ, ಅದನ್ನು ಪುನರುಜ್ಜೀವನಗೊಳಿಸಿದವು. ವೆನಿಸ್ಸಿನಲ್ಲಿ ಪ್ರದರ್ಶಿತವಾದುದು ಈ ಹೊಸ ಪ್ರತಿ. ಸದಾನಂದ ಸುವರ್ಣರು ಅದಕ್ಕೆ ಕೆಲವೇ ವಾರಗಳ ಮೊದಲು, ೨೦೨೪ರ ಜುಲೈಯಲ್ಲಿ, ನಿಧನರಾದರು. ಅದೇ ದಶಕಗಳಲ್ಲಿ ತಯಾರಾದ ಇತರ ಕನ್ನಡ ಚಿತ್ರಗಳಿಗೂ ಇಂಥ ಆರೈಕೆ ಅವಶ್ಯಕ. ಹೊರನಾಡಿನ ಕನ್ನಡ ಸಂಘಗಳು ಹಳೆಯ ಸುರುಳಿಗಳನ್ನೂ ಭಿತ್ತಿಪತ್ರಗಳನ್ನೂ ನಿರ್ಮಾಣದ ಕಾಗದಪತ್ರಗಳನ್ನೂ ಹುಡುಕಿ ಸಂಗ್ರಹಾಲಯಗಳಿಗೆ ತಲುಪಿಸುವ ಕಾರ್ಯವನ್ನು ಕೈಗೊಂಡರೆ, ಸುವರ್ಣರಂಥವರು ಆರಂಭಿಸಿದುದನ್ನು ಮುಂದುವರಿಸಿದಂತಾಗುತ್ತದೆ.